ಹನ್ನೊಂದನೇ ನಿಮಿಷದ ಆಚೆ

ಸಂಧ್ಯಾ ಆ ಪ್ರಯೋಗಾಲಯಕ್ಕೆ ಸೇರಿಕೊಂಡಿದ್ದು ತೀರಿಹೋದವನೊಬ್ಬನ ಜಾಗಕ್ಕೆ. ಇದನ್ನು ಯಾರೂ ಅವಳಿಂದ ಮುಚ್ಚಿಟ್ಟಿರಲಿಲ್ಲ. ತುಮಕೂರಿನ ಹೊರಗಿರುವ ವಿಶ್ವವಿದ್ಯಾಲಯದಲ್ಲಿ ಸಂದರ್ಶನ ನಡೆದ ದಿನವೇ ಪ್ರೇಮಲತಾ ಮೇಡಂ, ಹಿಂದೆ ಇದ್ದ ಸಂಶೋಧಕ ಆಕ್ಸಿಡೆಂಟ್‌ನಲ್ಲಿ ಹೋದನೆಂದೂ ಕೆಲಸ ಅರ್ಧಕ್ಕೆ ನಿಂತಿದೆಯೆಂದೂ ಹೇಳಿದ್ದರು. ಹೆಸರು ಹೇಳಲಿಲ್ಲ. ಹೆಸರನ್ನು ಸಂಧ್ಯಾ ತಾನೇ ಓದಿಕೊಂಡಳು. ಫ್ರಿಜ್ಜಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಗಾಜಿನ ಕೊಳವೆಗಳ ಮೇಲೆಲ್ಲ ನೀಲಿ ಶಾಯಿಯಲ್ಲಿ, ಬಲಕ್ಕೆ ಒರಗಿದ ಸಣ್ಣ ಅಕ್ಷರದಲ್ಲಿ ಪ್ರಭುದೇವ ಎಂದಿತ್ತು.

ಕೆಲಸ ರಾಗಿಯ ಬೆಂಕಿ ರೋಗದ ಮೇಲಿನದು. ಗಾಳಿಯಲ್ಲಿ ತೇಲಿಬರುವ ಒಂದು ಶಿಲೀಂಧ್ರ ರಾಗಿಯ ಎಲೆಯ ಮೇಲೆ ಕೂತು ಸುಟ್ಟಂಥ ಕಲೆ ಎಬ್ಬಿಸುತ್ತದೆ, ಕೊನೆಗೆ ತೆನೆಯ ಕುತ್ತಿಗೆ ಹಿಡಿಯುತ್ತದೆ. ಕುತ್ತಿಗೆ ಕಪ್ಪಾಗಿ ತೆನೆ ಜೋತುಬೀಳುತ್ತದೆ. ಉಜ್ಜಿ ನೋಡಿದರೆ ಬರೀ ಜೊಳ್ಳು. ಆದರೆ ಎಲ್ಲ ರಾಗಿಯೂ ಹೀಗೆ ಸೋಲುವುದಿಲ್ಲ. ಕೆಲವು ಹಳೇ ತಳಿಗಳಲ್ಲಿ ರೋಗ ಕಾಲಿಟ್ಟ ಜಾಗದ ಜೀವಕೋಶಗಳು ತಾವೇ ಸತ್ತು ಅದರ ದಾರಿ ಮುಚ್ಚಿಬಿಡುತ್ತವೆ. ಎಲೆಯ ಮೇಲೆ ಸೂಜಿ ಚುಚ್ಚಿದಷ್ಟು ಕಂದು ಚುಕ್ಕೆ ಉಳಿಯುತ್ತದೆ, ಅಷ್ಟೆ. ಅಂಥ ರಾಗಿ ಯಾರ ಹೊಲದಲ್ಲಿದೆ, ಅದರ ಮೈಯಲ್ಲಿ ಏನು ನಡೆದು ಅದು ಬದುಕಿಕೊಳ್ಳುತ್ತದೆ ಎಂದು ಹುಡುಕಲು ಪ್ರಭುದೇವ ಗುಬ್ಬಿ, ಕುಣಿಗಲ್ ಕಡೆಯ ಹನ್ನೆರಡು ಹೊಲಗಳನ್ನು ಗುರುತು ಮಾಡಿಕೊಂಡು ಎರಡು ವರ್ಷ ತಿರುಗಿದ್ದ.

ರೋಗದ ಶಿಲೀಂಧ್ರವನ್ನು ತಿಂಗಳಿಗೊಮ್ಮೆ ಹೊಸ ಕೊಳವೆಗೆ ದಾಟಿಸದಿದ್ದರೆ ಅದು ಸಾಯುತ್ತದೆ. ಪ್ರಭುದೇವ ಹೋಗಿ ಎಂಟು ತಿಂಗಳಾಗಿದ್ದರೂ ಕೊಳವೆಗಳಲ್ಲಿ ಬೂದುಬಣ್ಣದ ಬೂಸು ಹಸಿಯಾಗಿಯೇ ಇತ್ತು. ಪ್ರೇಮಲತಾ ಮೇಡಂ ತಾವೇ ಕೂತು ದಾಟಿಸುತ್ತಿದ್ದರಂತೆ. ಈಗ ಆ ಕೆಲಸ ಸಂಧ್ಯಾಳ ಪಾಲಿಗೆ ಬಂತು. ಹಳೇ ಕೊಳವೆಯ ಚೀಟಿ ನೋಡಿ ಹೊಸದರ ಮೇಲೆ ಅದೇ ಹೆಸರನ್ನು ತನ್ನ ಕೈಯಲ್ಲಿ ಬರೆಯುವಾಗ ಅವಳಿಗೆ ಮೊದಮೊದಲು ಕೈ ತಡೆಯುತ್ತಿತ್ತು. ಮನುಷ್ಯ ಮಣ್ಣಾಗಿದ್ದ. ಅವನು ಹಿಡಿದು ತಂದ ರೋಗಗಳು ಬದುಕಿದ್ದವು.

ಬಾಗಿಲ ಹಿಂದಿನ ಮೊಳೆಗೆ ಅವನ ಬಿಳಿ ಕೋಟು ನೇತಾಡುತ್ತಿತ್ತು. ಅದನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಕೋಟಿನ ಮೇಲೆಯೇ ತನ್ನ ಬ್ಯಾಗು ತಗುಲಿಹಾಕಬಾರದೆಂದು ಬ್ಯಾಗನ್ನು ನೆಲದ ಮೇಲಿಡುತ್ತಿದ್ದಳು.

ಅವನ ದನಿ ಸಿಕ್ಕಿದ್ದು ಆಮೇಲೆ. ಪ್ರಭುದೇವ ಹೊಲದಲ್ಲಿ ಪುಸ್ತಕ ಹಿಡಿಯುತ್ತಿರಲಿಲ್ಲ. ಫೋನಿಗೆ ಹೇಳಿಕೊಳ್ಳುತ್ತಾ ಸಾಲಿನುದ್ದಕ್ಕೂ ನಡೆದು, ಸಂಜೆ ರೂಮಿಗೆ ಬಂದು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ. ಆ ಧ್ವನಿಮುದ್ರಣಗಳನ್ನು ಅವನ ಮನೆಯವರಿಂದ ಇಸಿದುಕೊಂಡು ಮೇಡಂ ವಿಭಾಗದ ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಒಟ್ಟು ನಲವತ್ತಾರು. ಪುಸ್ತಕದಲ್ಲಿ ಬಿಟ್ಟುಹೋದ ಅಂಕಿಗಳನ್ನು ಹುಡುಕಲು ಸಂಧ್ಯಾ ಅವನ್ನು ತನ್ನ ಫೋನಿಗೆ ಹಾಕಿಕೊಂಡಳು. ಕ್ಯಾತ್ಸಂದ್ರದ ರೂಮಿನಿಂದ ಬಸ್ಸಿನಲ್ಲಿ ಬರುತ್ತಾ ಹೋಗುತ್ತಾ ಕೇಳಿದಳು. ಸಣ್ಣ, ಅವಸರವಿಲ್ಲದ ದನಿ. "ಮೂರನೇ ಸಾಲು. ಎಲೆ ಚುಕ್ಕೆ ಇದೆ, ಕುತ್ತಿಗೆ ರೋಗ ಇಲ್ಲ. ಸರಿ, ಮುಂದಕ್ಕೆ." ಮಧ್ಯೆ ಕೆಮ್ಮು. ನಾಯಿ ಬೊಗಳಿದರೆ ಅದಕ್ಕೊಂದು ಸಮಾಧಾನದ ಮಾತು. ಎರಡು ವಾರದಲ್ಲಿ ಅವನು ಯಾವಾಗ ಉಸಿರೆಳೆದುಕೊಳ್ಳುತ್ತಾನೆಂಬುದೂ ಅವಳಿಗೆ ಗೊತ್ತಾಗತೊಡಗಿತು. ಒಮ್ಮೆ ಲ್ಯಾಬಿನಲ್ಲಿ ಗಾಜಿನ ತಟ್ಟೆಗಳನ್ನು ಎಣಿಸುತ್ತಾ ತಾನೇ "ಸರಿ, ಮುಂದಕ್ಕೆ" ಎಂದಳು. ಆಚೆ ಮೇಜಿನಲ್ಲಿದ್ದ ಮೇಡಂ ತಟಕ್ಕನೆ ತಲೆಯೆತ್ತಿ ನೋಡಿ, ಎದ್ದು ಹೊರಗೆ ಹೋದರು.

ನಲವತ್ತಾರನೆಯದನ್ನು ಅವಳು ಕೇಳಿರಲಿಲ್ಲ. ಅದು ಅವನ ಕೊನೆಯ ದಿನದ್ದು. ಮಿಕ್ಕವೆಲ್ಲ ಹತ್ತು ಹದಿನೈದು ನಿಮಿಷವಾದರೆ ಇದು ಐವತ್ತೆಂಟು ನಿಮಿಷ ತೋರಿಸುತ್ತಿತ್ತು. ಯಾಕೆಂದು ಅವಳಿಗೆ ಹೊಳೆಯಿತು. ಹೊಳೆದದ್ದರಿಂದಲೇ ಮುಟ್ಟಲಿಲ್ಲ.

ಆ ದಿನ ಅವನ ಬ್ಯಾಗಿನಲ್ಲಿದ್ದ ಬಟ್ಟೆಗಂಟೊಂದು ಪೊಲೀಸರಿಂದ ವಿಭಾಗಕ್ಕೆ ಬಂದು ಬೀಜದ ಕಪಾಟು ಸೇರಿತ್ತು. ಗಂಟಿಗೆ ಕಟ್ಟಿದ್ದ ಚೀಟಿಯಲ್ಲಿ "ಹೊಲ 7" ಎಂದೂ ತಾರೀಖೂ ಇದ್ದವು, ಬೇರೇನೂ ಇಲ್ಲ. ಅರ್ಧ ಸೇರಿನಷ್ಟು ಕಪ್ಪುಗೆಂಪು ರಾಗಿ. ಜುಲೈಯಲ್ಲಿ ಸಂಧ್ಯಾ ಅದನ್ನೂ ಇನ್ನೈದು ತಳಿಗಳನ್ನೂ ಟ್ರೇಗಳಲ್ಲಿ ಬಿತ್ತಿ, ಹದಿನೈದು ದಿನದ ಪೈರಿಗೆ ಕೊಳವೆಗಳಲ್ಲಿ ಎಲ್ಲಕ್ಕಿಂತ ಕ್ರೂರವಾದ ಶಿಲೀಂಧ್ರವನ್ನು ಕದಡಿದ ನೀರು ಸಿಂಪಡಿಸಿದಳು. ಆರನೇ ದಿನ, ಟ್ರೇಗಳನ್ನಿಟ್ಟಿದ್ದ ಬಲೆ ಹೊದಿಸಿದ ಮನೆಗೆ ಹೋಗಿ ನೋಡಿದರೆ ಐದು ಟ್ರೇಗಳ ಪೈರು ಸುಟ್ಟು ಮಲಗಿತ್ತು. ಏಳನೇ ಹೊಲದ ರಾಗಿ ಮಾತ್ರ ಎದ್ದು ನಿಂತಿತ್ತು. ಎಲೆಯ ಮೇಲೆ ಸೂಜಿಮೊನೆಯ ಚುಕ್ಕೆಗಳು, ಬೇರೇನಿಲ್ಲ. ಮೇಡಂ ಬಹಳ ಹೊತ್ತು ಬಗ್ಗಿ ನೋಡಿ, ಇನ್ನೊಂದು ಸಲ ಮಾಡು ಎಂದರು. ಮಾಡಿದಳು. ಎಲೆಗಳನ್ನು ಐಸಿನಲ್ಲಿಟ್ಟ ಕಲ್ಲಿನಲ್ಲಿ ಅರೆದು, ರೋಗ ಬಿದ್ದ ಆರು ಗಂಟೆಗೆ, ಹನ್ನೆರಡು ಗಂಟೆಗೆ, ಮಾರನೇ ದಿನಕ್ಕೆ ಒಳಗೆ ಏನೇನು ಏರುತ್ತದೆ ಇಳಿಯುತ್ತದೆ ಎಂದು ಅಳೆದಳು. ಒಮ್ಮೆ ಕರೆಂಟು ಹೋಗಿ ಅಷ್ಟೂ ಟ್ರೇ ಕೊಳೆತು, ಮತ್ತೆ ಬಿತ್ತಬೇಕಾಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಗಂಟಿನಲ್ಲಿ ಒಂದು ಹಿಡಿ ಉಳಿದಿತ್ತು.

ಅದಾದ ಮೇಲೆ ಅವಳು ಮೊದಲ ಬಾರಿಗೆ ಏಳನೇ ಹೊಲಕ್ಕೆ ಹೋದಳು. ಹಾಗಲವಾಡಿಯ ಹತ್ತಿರ, ಬಸ್ಸಿಳಿದು ಎರಡು ಮೈಲಿ. ಹೊಲದ ಯಜಮಾನಿ ಹೊಂಬಾಳಮ್ಮ, ಅರವತ್ತು ದಾಟಿದ, ಸೊಂಟ ಗಟ್ಟಿಯಿದ್ದ ಹೆಂಗಸು. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ್ದಳು. ಯೂನಿವರ್ಸಿಟಿಯವಳೆಂದು ತಿಳಿದ ತಕ್ಷಣ ಆಕೆ ಕೇಳಿದ್ದೊಂದೇ.

"ಆ ಪ್ರಭು ಎಲ್ಲವ್ವಾ? ಮುಂಗಾರಿಗೆ ಬರ್ತೀನಿ ಅಂದೋನು."

ಸಂಧ್ಯಾಳ ಬಾಯಿಗೆ ಬಂದದ್ದು ಸುಳ್ಳು. ಅವರು ಟ್ರೈನಿಂಗ್‌ಗೆ ಹೈದರಾಬಾದಿಗೆ ಹೋಗಿದಾರೆ ಎಂದಳು. ಮೊದಲ ಸಲ ಕಂಡವರ ಮುಂದೆ ಸಾವಿನ ಸುದ್ದಿ ಹೇಗೆ ಎತ್ತುವುದೆಂಬ ಸಂಕೋಚ, ಅಷ್ಟೆ. ಇನ್ನೊಂದು ದಿನ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡಳು. ಆಗ ಹೊಂಬಾಳಮ್ಮ ಉಳಿದದ್ದನ್ನು ಹೇಳಿದಳು. ತನ್ನ ಅತ್ತೆಯ ಕಾಲದಿಂದ ಬಂದ ಬೀಜ ಅದು. ಬೆಂಕಿ ರೋಗ ಅದರ ಹತ್ತಿರ ಸುಳಿಯದು. ಹೋದ ವರ್ಷ ಕೊಯ್ಲಿಗೆ ಮುಂಚೆ ಒಳ್ಳೇ ತೆನೆ ಆಯ್ದು ಬೀಜಕ್ಕೆಂದು ತೆಗೆದಿಟ್ಟ ಒಂದು ಸೇರಿನಲ್ಲಿ ಅರ್ಧ ಪ್ರಭುವಿಗೆ ಕೊಟ್ಟಿದ್ದಳು. ಆಮೇಲೆ ಕೊಯ್ದ ರಾಗಿಯೆಲ್ಲ ಊಟಕ್ಕೂ ಸಾಲಕ್ಕೂ ಹೋಗಿತ್ತು. ಮಿಕ್ಕರ್ಧವನ್ನು, ತಾನು ಕಣ್ಣಿನ ಆಪರೇಷನ್‌ಗೆ ಹೋಗಿದ್ದಾಗ ಸೊಸೆ ಗೊತ್ತಿಲ್ಲದೆ ಮಿಲ್ಲಿಗೆ ಹಾಕಿಸಿ ಹಿಟ್ಟು ಮಾಡಿಸಿಬಿಟ್ಟಿದ್ದಳು. ಈ ಸಲ ಬಿತ್ತಿರುವುದು ಅಂಗಡಿ ಬೀಜ.

"ಈಗ ಅವನತ್ರ ಇರೋದೇ ಬೀಜ. ನಿಮ್ಮ ಫ್ರಿಜ್ಜಲ್ಲಿ ಮಡಗವ್ನಂತೆ. ಹೇಳವ್ವ ಅವ್ನಿಗೆ, ಮುದುಕಿ ಕಾಯ್ತಾ ಕುಂತವ್ಳೆ ಅಂತ."

ಆ ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ಸಂಧ್ಯಾ ನಲವತ್ತಾರನೆಯದನ್ನು ಹಚ್ಚಿದಳು. ಅದರಲ್ಲಿ ಎಲ್ಲವೂ ಇತ್ತು. ಸಾಲುಗಳ ಎಣಿಕೆ, ಹೊಂಬಾಳಮ್ಮ ಮಜ್ಜಿಗೆಗೆ ಕರೆದದ್ದು, ಬೀಜ ಕೊಟ್ಟದ್ದು. "ಅರ್ಧ ಪರೀಕ್ಷೆಗೆ ತಗೋತೀನಿ, ಇನ್ನರ್ಧ ಹಂಗೇ ಇಟ್ಟಿರ್ತೀನಮ್ಮ. ಮುಂಗಾರಿಗೆ ನಾನೇ ತಂದುಕೊಡ್ತೀನಿ." ಹನ್ನೊಂದನೇ ನಿಮಿಷದಲ್ಲಿ "ಬರ್ತೀನಮ್ಮ" ಎಂದ. ಆಮೇಲೆ ಬಟ್ಟೆ ಉಜ್ಜಿದ ಸದ್ದು, ಬೈಕು ಸ್ಟಾರ್ಟ್ ಆದ ಸದ್ದು. ಮುದ್ರಣ ನಿಲ್ಲಿಸುವುದನ್ನು ಮರೆತು ಅವನು ಫೋನನ್ನು ಜೇಬಿಗಿಟ್ಟುಕೊಂಡಿದ್ದ. ಗುಬ್ಬಿ ದಾಟಿ ಹೆದ್ದಾರಿಯಲ್ಲಿ, ದೀಪವಿಲ್ಲದೆ ನಿಂತಿದ್ದ ಲಾರಿಗೆ ಅವನು ಗುದ್ದಿದ್ದು ಅದೇ ಮುಸ್ಸಂಜೆ. ಸಂಧ್ಯಾ ನಿಲ್ಲಿಸಿದಳು. ಬಸ್ಸು ಅದೇ ರಸ್ತೆಯಲ್ಲಿ ಹೋಗುತ್ತಿತ್ತು. ಕಿಟಕಿಯಾಚೆ ತೆಂಗಿನ ತೋಟಗಳ ಮೇಲೆ ಹೊತ್ತು ಇಳಿಯುತ್ತಿತ್ತು, ಎದುರಿಗೆ ಬರುವ ಲಾರಿಗಳು ಒಂದೊಂದಾಗಿ ದೀಪ ಹೊತ್ತಿಸಿಕೊಳ್ಳುತ್ತಿದ್ದವು.

ಮೊದಲು ಸಂಕೋಚದಿಂದ ಹುಟ್ಟಿದ ಸುಳ್ಳು ಈಗ ಭಯದಿಂದ ಉಳಿಯಿತು. ಸತ್ತನೆಂದು ಹೇಳಿದರೆ ಮುದುಕಿ ಬೀಜವನ್ನು ಇವಳಲ್ಲೇ ಕೇಳುತ್ತಾಳೆ, ಬೀಜವನ್ನು ಅರೆದು ಮುಗಿಸಿದವಳೂ ಇವಳೇ. ಅರ್ಧ ತೆಗೆದಿಡಬೇಕಿತ್ತೆಂದು ಬಲ್ಲವನು ಪುಸ್ತಕಕ್ಕೆ ಬರೆಯುವ ಮೊದಲೇ ಹೋಗಿಬಿಟ್ಟಿದ್ದ. ಅವನ ಮಾತು ಆ ಮುದ್ರಣದಲ್ಲಿ ಹತ್ತು ತಿಂಗಳು ಕಾದಿತ್ತು. ಹೆದರಿ ಅದನ್ನು ಕೇಳದೆ ಬಿಟ್ಟವಳು ತಾನು. ಸೆಪ್ಟೆಂಬರಿನಲ್ಲಿ ಎರಡನೇ ಸಲ ಹೋದಾಗ ಹೊಂಬಾಳಮ್ಮ, ಅವನಿಗೆ ಅವರೆಕಾಳೆಂದರೆ ಇಷ್ಟ ಎಂದು ಒಣಗಿಸಿದ್ದ ಕಾಳನ್ನು ಒಂದು ಡಬ್ಬಿ ಕೊಟ್ಟಳು. ಸಂಧ್ಯಾ ಡಬ್ಬಿಯನ್ನು ರೂಮಿಗೆ ತಂದಳು. ಬೇಯಿಸಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಅದು ಕಿಟಕಿಯ ಮೇಲೆ ಕೂತಿತು. ಬೆಳಗ್ಗೆ ಕಣ್ಣು ಬಿಟ್ಟರೆ ಅದೇ ಕಾಣುತ್ತಿತ್ತು, ಅದರ ಹಿಂದೆಯೇ ಕಿವಿಯೊಳಗೆ ಆ ದನಿ ಸಾಲು ಎಣಿಸಲು ಶುರುಮಾಡುತ್ತಿತ್ತು.

ಅಕ್ಟೋಬರ್ ಕೊನೆಯಲ್ಲಿ ಮೂರನೇ ಸಲ ಹೋದಳು. ರಾಗಿ ತೆನೆ ಬಿಚ್ಚಿತ್ತು, ಬೆಂಕಿ ರೋಗ ಹೊಲದ ತುಂಬ ಹಬ್ಬಿತ್ತು. ಪ್ರಭುದೇವ ಎಣಿಸಿದ್ದ ಸಾಲುಗಳನ್ನೇ ಈ ವರ್ಷವೂ ಎಣಿಸಬೇಕಿತ್ತು. ಅವು ಎಲ್ಲಿಂದ ಶುರು ಎಂಬುದು ಆ ಕೊನೆಯ ಮುದ್ರಣದಲ್ಲಿ ಮಾತ್ರ ಇತ್ತು. ಹೊಲದಲ್ಲಿ ಯಾರೂ ಇರಲಿಲ್ಲ. ಒಂದು ಕೈಯಲ್ಲಿ ಅಳತೆಯ ಚೌಕಟ್ಟು, ಇನ್ನೊಂದರಲ್ಲಿ ಪುಸ್ತಕ ಇದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಬದುವಿನ ಕಲ್ಲಿನ ಮೇಲಿಟ್ಟಳು.

"ಹೊಂಗೆ ಮರದಿಂದ ಹನ್ನೆರಡು ಹೆಜ್ಜೆ," ಎಂದಿತು ದನಿ. "ಒಂದನೇ ಸಾಲು, ರೋಗ ಇಲ್ಲ."

ಅವಳು ಹನ್ನೆರಡು ಹೆಜ್ಜೆ ಹಾಕಿ ಒಂದನೇ ಸಾಲಿಗೆ ಬಗ್ಗಿದಳು. ಜೋತುಬಿದ್ದ ಕಪ್ಪು ಕುತ್ತಿಗೆಗಳನ್ನು ಎಣಿಸಿ ಬರೆದುಕೊಂಡು ತಲೆಯೆತ್ತಿದರೆ, ಬದುವಿನ ಮೇಲೆ ಹೊಂಬಾಳಮ್ಮ ನಿಂತಿದ್ದಳು. ಹುಲ್ಲಿನ ಹೊರೆ ಕೆಳಗೆ ಬಿದ್ದಿತ್ತು. ಫೋನು ಅವಳ ಕೈಯಲ್ಲಿತ್ತು. ಅದನ್ನು ಕಿವಿಗೆ ಒತ್ತಿಕೊಂಡು, ಮುಖವೆಲ್ಲ ಅರಳಿಸಿಕೊಂಡು ಮಾತಾಡುತ್ತಿದ್ದಳು.

"ಏನಪ್ಪಾ ಪ್ರಭು, ಅಂತೂ ನೆಪ್ಪಾಯ್ತಾ ನಿಂಗೆ? ಒಂದ್ ವರ್ಸ ಆಯ್ತಲ್ಲೋ."

"ಆರನೇ ಸಾಲು, ರೋಗ ಇಲ್ಲ."

"ರೋಗ ಇಲ್ಲ ಅಂತೀಯಲ್ಲ, ಬಂದು ನೋಡು. ಪೂರ್ತಿ ಸುಟ್ಟೋಗದೆ. ನಿನ್ ಬೀಜ ಇದ್ದಿದ್ರೆ ಹಿಂಗಾಯ್ತಿತ್ತಾ?"

"ಏಳನೇ ಸಾಲು, ರೋಗ ಇಲ್ಲ. ಸರಿ, ಮುಂದಕ್ಕೆ."

ಸಂಧ್ಯಾ ಓಡಿಬರಲು ನೋಡಿದಳು. ರಾಗಿಯ ನಡುವೆ ಕಾಲು ತೊಡರಿತು. ಅಷ್ಟರಲ್ಲಿ ಫೋನಿನಿಂದ ಇನ್ನೊಂದು ದನಿ ಬಂತು, ಮಜ್ಜಿಗೆ ಕುಡ್ಕೊಂಡು ಹೋಗಪ್ಪಾ ಎನ್ನುವ ಹೆಂಗಸಿನ ದನಿ. ಹೊಂಬಾಳಮ್ಮನ ಮುಖದ ನಗು ಹಾಗೇ ನಿಂತಿತು. ಫೋನನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿ ಹಿಡಿದು ನೋಡಿದಳು. ಅವಳದೇ ದನಿ ಅವಳ ಅಂಗೈಯಿಂದ, ಇದು ನಮ್ಮತ್ತೆ ಕಾಲದ್ದು ಹುಷಾರಪ್ಪಾ ಎನ್ನುತ್ತಿತ್ತು. ಅವಳು ಕೈ ಅಲ್ಲಾಡಿಸದೆ ಪೂರ್ತಿ ಕೇಳಿದಳು. "ಬರ್ತೀನಮ್ಮ" ಎಂಬ ಮಾತು ಬಂತು. ಬೈಕು ಸ್ಟಾರ್ಟ್ ಆಯಿತು, ಗೇರು ಬಿತ್ತು, ಗಾಳಿಯ ಸದ್ದು ಏರತೊಡಗಿತು. ಸಂಧ್ಯಾ ಕಸಿದುಕೊಂಡು ನಿಲ್ಲಿಸಿದಳು.

"ಯಾಕ್ ನಿಲ್ಸ್ದೆ?" ಎಂದಳು ಹೊಂಬಾಳಮ್ಮ. "ಹೊಂಟನಲ್ಲ. ಎಲ್ಲಿಗೆ ಹೋದ ನೋಡನ."

ಸಂಧ್ಯಾ ಹೇಳಿದಳು. ಇದು ಹೋದ ವರ್ಷದ್ದೆಂದೂ, ಅವತ್ತು ಇಲ್ಲಿಂದ ಹೊರಟವನು ತುಮಕೂರು ಮುಟ್ಟಲಿಲ್ಲವೆಂದೂ. ಹೈದರಾಬಾದು ಸುಳ್ಳೆಂದೂ. ಹೇಳುತ್ತಾ ಹೇಳುತ್ತಾ ನಿಲ್ಲಿಸಲಾಗದೆ ಬೀಜದ ಸಂಗತಿಯನ್ನೂ ಹೇಳಿಬಿಟ್ಟಳು, ಒಂದು ಹಿಡಿ ಬಿಟ್ಟು ಮಿಕ್ಕಿದ್ದೆಲ್ಲ ತನ್ನ ಕೈಯಲ್ಲೇ ಮುಗಿದುಹೋಯಿತೆಂದು.

ಹೊಂಬಾಳಮ್ಮ ಬದುವಿನ ಮೇಲೆ ಕೂತಳು. ಕಪ್ಪು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ. ಬೀಜದ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ ಎನ್ನುವಂತೆ ಬೇರೇನನ್ನೋ ನೆನಪಿಸಿಕೊಳ್ಳುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇಸ್ಕೊಂಡೋದ ಕೈ ಸೇದೋಗ್ಲಿ ಅಂದಿದೀನಿ ಕಣೇ. ದೀಪದ ಮುಂದೆ ನಿಂತ್ಕೊಂಡು. ಒಂದ್ಸಲ ಅಲ್ಲ. ಮುಂಗಾರು ಬಿತ್ನೆ ಕಳೆದಾಗ್ಲಿಂದ ಅಂತಿದೀನಿ. ನೀನು ಬಂದು ಟ್ರೈನಿಂಗು ಅಂದ ಮೇಲೂ ಅಂದಿದೀನಿ. ಮಣ್ಣಲ್ಲಿ ಮಲಗಿರೋನ್ನ ಬೈಸಿದೆಯಲ್ಲೇ ನನ್ನ ಕೈಲಿ."

ಇಲ್ಲಿಂದ ಹೋಗು ಎಂದಳು ಹೊಂಬಾಳಮ್ಮ. ಎರಡನೇ ಸಲ ಹೇಳಿಸಿಕೊಳ್ಳದೆ ಸಂಧ್ಯಾ ಪುಸ್ತಕ ಎತ್ತಿಕೊಂಡು ಹೊರಟಳು.

ಮಾರನೇ ದಿನ ಮೇಡಂಗೆ ಎಲ್ಲ ಒಪ್ಪಿಸಿದಳು. ಬೈಯುತ್ತಾರೆಂದುಕೊಂಡಿದ್ದಳು. ಪ್ರೇಮಲತಾ ಮೇಡಂ ಬೀಜದ ಕಪಾಟಿನ ಬೀಗ ತೆಗೆದು ಆ ಗಂಟನ್ನು ಮೇಜಿನ ಮೇಲಿಟ್ಟರು. "ಇದನ್ನ ಹೊರಗೆ ಒಯ್ಯೋಕೆ ಫಾರಂ ಏನೂ ತುಂಬೋದು ಬೇಡ. ನಮ್ಮದಲ್ಲ ಇದು. ತಗೊಂಡೋಗಿ ಬೆಳೆಸು," ಎಂದರು. ಒಂದು ಚಿಟಿಕೆ ಮಾತ್ರ ಪ್ರಯೋಗಾಲಯಕ್ಕೆ ತೆಗೆದಿಟ್ಟರು.

ಸಂಧ್ಯಾಳ ಊರು ಕುಣಿಗಲ್ ಪಕ್ಕದ ಹಳ್ಳಿ. ಅವಳ ಅಪ್ಪ ರಾಮಾಂಜಿನಯ್ಯ ಹಿರೇಹಳ್ಳಿಯ ಒಂದು ವರ್ಕ್‌ಷಾಪಿನಲ್ಲಿ ಲೇತ್ ಯಂತ್ರ ತಿರುಗಿಸುವವರು. ಭಾನುವಾರ ಮಾತ್ರ ರೈತ. ತೋಟದ ಅಂಚಿನಲ್ಲಿ ಬೋರಿನ ನೀರು ಹಾಯುವ ನಾಲ್ಕು ಗುಂಟೆ ಬಿಟ್ಟುಕೊಟ್ಟರು. ಬೇಸಿಗೆಯಲ್ಲಿ ಯಾರಾದರೂ ರಾಗಿ ಹಾಕುತ್ತಾರಾ ಎಂದು ಕೇಳಿದವರು ಮಗಳ ಮುಖ ನೋಡಿ ಮತ್ತೆ ಕೇಳಲಿಲ್ಲ. ಜನವರಿಯಲ್ಲಿ ಸಂಧ್ಯಾ ಒಂದೊಂದೇ ಪೈರನ್ನು ಒಂದೊಂದು ಅಡಿಗೆ ನೆಟ್ಟಳು. ಪ್ರತಿ ಶನಿವಾರ ತುಮಕೂರಿನಿಂದ ಬಂದು ಪ್ರತಿ ಪೈರನ್ನೂ ನೋಡುತ್ತಿದ್ದಳು. ಮಾರ್ಚಿನಲ್ಲಿ ಅಕಾಲದ ಮಳೆ ಎರಡು ದಿನ ಸುರಿದು ಮೋಡ ಮುಚ್ಚಿಕೊಂಡಿತು. ಬೆಂಕಿ ರೋಗಕ್ಕೆ ಅದಕ್ಕಿಂತ ಒಳ್ಳೇ ಹವೆಯಿಲ್ಲ. ಶನಿವಾರ ಬಂದು ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಚುಕ್ಕೆಗಳಿದ್ದವು. ಸೂಜಿಮೊನೆಗಿಂತ ಒಂದೂ ದೊಡ್ಡದಾಗಿರಲಿಲ್ಲ. ಅವಳು ಆ ಪೈರಿನ ನಡುವೆಯೇ ಕೂತುಬಿಟ್ಟಳು. ಬೆನ್ನ ಹಿಂದೆ, ಬಹಳ ಹತ್ತಿರದಲ್ಲಿ, ಯಾರೋ ಉಸಿರೆಳೆದುಕೊಂಡಂತಾಯಿತು. ಮಾತಿಗೆ ಮುಂಚೆ ಎಳೆದುಕೊಳ್ಳುವ, ಅವಳು ಚೆನ್ನಾಗಿ ಬಲ್ಲ ಉಸಿರು. ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲವೆಂದು ಗೊತ್ತಿತ್ತು, ಅದನ್ನು ನೋಡುವುದು ಅವಳಿಗೆ ಬೇಕಿರಲಿಲ್ಲ.

ಮೇ ತಿಂಗಳಲ್ಲಿ ಮುಕ್ಕಾಲು ಮೂಟೆ ರಾಗಿಯನ್ನು ಬಸ್ಸಿಗೆ ಹಾಕಿಸಿಕೊಂಡು ಹಾಗಲವಾಡಿಗೆ ಹೋದಳು. ಹೊಂಬಾಳಮ್ಮ ಒಳಗೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಜಗಿದಳು. ಅದೇ ಎಂದಳು. ಆಮೇಲೆ ಮೂಟೆಯ ಬಾಯಿ ಮತ್ತೆ ಕಟ್ಟಿದಳು.

"ಅವನ ಊರ್ ಯಾವ್ದು?"

ಹುಲಿಯೂರುದುರ್ಗ ಎಂದಳು ಸಂಧ್ಯಾ.

"ನನ್ನ ಕರ್ಕೊಂಡೋಗು. ಆಡಿದ ಮಾತ ಹಿಂದಕ್ಕೆ ತಗೊಳ್ದೆ ಇದನ್ನ ಬಿತ್ತಾಕಿಲ್ಲ ನಾನು."

ಎರಡು ದಿನ ಬಿಟ್ಟು ಗುಬ್ಬಿಯಲ್ಲಿ ಕೂಡಿಕೊಂಡು, ತುಮಕೂರು, ಕುಣಿಗಲ್ ದಾಟಿ, ಮೂರು ಬಸ್ಸು ಬದಲಾಯಿಸಿ ಇಬ್ಬರೂ ಹೋದರು. ಹೆದ್ದಾರಿ ಸಿಕ್ಕಿದ ಮೇಲೆ ಹೊಂಬಾಳಮ್ಮ, ಅವನು ಗುದ್ದಿದ್ದು ಯಾವ ಜಾಗ ಎಂದು ಒಮ್ಮೆ ಕೇಳಿದಳು. ಸಂಧ್ಯಾ ತನಗೂ ಗೊತ್ತಿಲ್ಲ ಎಂದಳು, ಅದು ನಿಜವೇ ಆಗಿತ್ತು. ಅಲ್ಲಿಂದ ತುಮಕೂರಿನವರೆಗೆ ಹೊಂಬಾಳಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಾ ಕೂತಿದ್ದಳು.

ಪ್ರಭುದೇವನ ತಾಯಿ ಸರ್ವಮಂಗಳಮ್ಮ ಪೇಟೆಬೀದಿಯ ಸಣ್ಣ ಮಳಿಗೆಯಲ್ಲಿ ರವಿಕೆ ಹೊಲಿಯುತ್ತಿದ್ದರು. ಕತ್ತಿನಲ್ಲಿ ಅಳತೆಯ ಟೇಪು, ಹಣೆಯಲ್ಲಿ ವಿಭೂತಿ. ಬಂದವರು ಯಾರೆಂದು ತಿಳಿದ ಮೇಲೆ ಮಿಷನ್ನಿನ ಸೂಜಿ ಎತ್ತಿ, ಬಟ್ಟೆ ಮಡಿಸಿಟ್ಟು, ಮಳಿಗೆಯ ಬಾಗಿಲು ಅರ್ಧ ಎಳೆದರು. ಮಗನ ಸಮಾಧಿ ಬೆಟ್ಟದ ಬುಡದಲ್ಲಿದ್ದ ಅವರದೇ ಹೊಲದಲ್ಲಿತ್ತು. ನಡೆದು ಹೋಗುವಾಗ ಬಿಸಿಲು ನೆತ್ತಿಗೇರಿತ್ತು, ಬೆಟ್ಟದ ಮೇಲಿನ ಕೋಟೆಯ ಬಂಡೆ ಕಾದು ಬಿಸಿಲ್ಗುದುರೆಯಂತೆ ಅಲುಗುತ್ತಿತ್ತು. ಸಿಮೆಂಟಿನ ಚಿಕ್ಕ ಕಟ್ಟೆ, ಮೇಲೊಂದು ಲಿಂಗ, ಒಣಗಿದ ಪತ್ರೆ.

ಹೊಂಬಾಳಮ್ಮ ಚಪ್ಪಲಿ ಬಿಟ್ಟು ಹತ್ತಿರ ಹೋದಳು. ಏನೇನು ಅಂದಿದ್ದಳೋ ಅದನ್ನೆಲ್ಲ ಒಂದೂ ಬಿಡದೆ, ತಾಯಿ ಕೇಳುವಂತೆಯೇ ಗಟ್ಟಿಯಾಗಿ ಮತ್ತೆ ಹೇಳಿದಳು. ಇವೆಲ್ಲ ನನಗೇ ವಾಪಸ್ ಬರಲಿ, ನಿನಗೆ ತಾಕದಿರಲಿ ಎಂದಳು. ಹೇಳಿ ಮುಗಿಸಿ ಸರ್ವಮಂಗಳಮ್ಮನ ಕಡೆ ತಿರುಗಿದಳು. ಕೈ ಮುಗಿದಿದ್ದಳು.

"ಕೈ ಇಳಿಸಿ," ಎಂದರು ಸರ್ವಮಂಗಳಮ್ಮ. "ನಾನೂ ಬೈತೀನಿ ಅವನ್ನ. ದಿನಾ ಬೈತೀನಿ. ಹೇಳ್ದೆ ಹೋದ ಅಂತ. ನಿಮಗಾದ್ರೂ ಬರ್ತೀನಿ ಅಂದು ಹೋದ."

ಆ ಮಾತು ಕೇಳಿದ ಮೇಲೆ ಮುಚ್ಚಿಡಲಾಗದೆ ಸಂಧ್ಯಾ ಧ್ವನಿಮುದ್ರಣದ ಸಂಗತಿ ತೆಗೆದಳು. ಫೋನಿನಲ್ಲಿ ಇಂಥವು ಇದ್ದವೆಂದು ತಾಯಿಗೆ ಗೊತ್ತಿತ್ತು, ಒಂದನ್ನೂ ಕೇಳಿರಲಿಲ್ಲ. ಎಲ್ಲಾ ಕೇಳಿದೀಯಾ ಎಂದು ಕೇಳಿದರು. ಕೊನೆಯದು ಹನ್ನೊಂದು ನಿಮಿಷ ಮಾತ್ರ ಕೇಳಿದೀನಿ, ಆಮೇಲೆ ಗಾಡಿ ಹೊರಡುತ್ತೆ ಎಂದಳು ಸಂಧ್ಯಾ. ಸರ್ವಮಂಗಳಮ್ಮ ಕತ್ತಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಟ್ಟದ ಕಡೆ ತಿರುಗಿದರು.

"ಅಷ್ಟಕ್ಕೇ ಇರ್ಲಿ. ಅದರಾಚೆ ಯಾರೂ ಕೇಳೋದು ಬೇಡ."

ಸೋಮವಾರ ಸಂಧ್ಯಾ ಇದನ್ನು ಮೇಡಂಗೆ ತಿಳಿಸಿದಳು. ಕೊನೆಯ ಮುದ್ರಣವನ್ನು ಹನ್ನೊಂದನೇ ನಿಮಿಷಕ್ಕೆ ಕತ್ತರಿಸಿಬಿಡೋಣ, ಉಳಿದ ಭಾಗ ಯಾರೂ ಕೇಳಬಾರದೆಂದು ತಾಯಿ ಬಯಸುತ್ತಾರೆ ಎಂದಳು. ಮೇಡಂ ಕಂಪ್ಯೂಟರಿನ ಮುಂದೆ ಕೂತು ಆ ಕಡತ ತೆರೆದರು. ಕೈ ಮೌಸಿನ ಮೇಲಿತ್ತು, ಕಣ್ಣು ತೆರೆಯ ಮೇಲಿತ್ತು.

"ಪ್ರಭುದೇವನ ಫೋನ್ ಕೈಗೆ ಬಂದ ದಿನವೇ ಗಾಡಿ ಹೊರಟ ಮೇಲಿನದನ್ನ ನಾನು ಪೂರ್ತಿ ಕೇಳಿದೀನಿ. ಮೊದಲಿನ ಮಾತು ಕೇಳಿದ್ದಿದ್ರೆ ಬೀಜ ಉಳೀತಿತ್ತು," ಎಂದರು. ಅವರ ಬಾಯಲ್ಲಿ ಆ ಹೆಸರನ್ನು ಸಂಧ್ಯಾ ಕೇಳಿದ್ದು ಅದೇ ಮೊದಲು. "ಒಬ್ಬರು ಕೇಳಿದ್ದು ಸಾಕು."

ಅದರಲ್ಲಿ ಏನಿತ್ತೆಂದು ಸಂಧ್ಯಾ ಕೇಳಲಿಲ್ಲ, ಮೇಡಂ ಹೇಳಲಿಲ್ಲ. ಕಡತ ಈಗ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಸಂಧ್ಯಾ ತನ್ನ ಫೋನಿನಲ್ಲಿದ್ದ ಪ್ರತಿಯನ್ನು ಅವರ ಎದುರೇ ಅಳಿಸಿದಳು.

ಜುಲೈಯಲ್ಲಿ ಹೊಂಬಾಳಮ್ಮ ಬಿತ್ತಿದಳು. ಆ ವರ್ಷ ಮಳೆ ಬಿಡದೆ ಹಿಡಿಯಿತು. ಅಕ್ಕಪಕ್ಕದ ಹೊಲಗಳಲ್ಲಿ ಅಕ್ಟೋಬರಿಗೆಲ್ಲ ತೆನೆ ಕಪ್ಪಾಗಿ ಜೋತುಬಿದ್ದವು. ಏಳನೇ ಹೊಲದ ರಾಗಿ ಮುಷ್ಟಿ ಮಡಚಿದಂತೆ ಗಟ್ಟಿ ತೆನೆ ಹಿಡಿದು ನೆಟ್ಟಗೆ ನಿಂತಿತು. ಸಂಧ್ಯಾ ಎಣಿಸಲು ಬಂದಳು. ಹಿಂದಿನ ದಿನದ ಮಳೆಗೆ ಹೊಲ ಕೆಸರಾಗಿ ಪುಸ್ತಕ ಹಿಡಿಯುವಂತಿರಲಿಲ್ಲ. ಫೋನಿನ ಮುದ್ರಣ ಒತ್ತಿ, ಹೊಂಗೆ ಮರದಿಂದ ಹನ್ನೆರಡು ಹೆಜ್ಜೆ ಹಾಕಿ ಹೇಳುತ್ತಾ ಹೊರಟಳು. ಒಂದನೇ ಸಾಲು, ರೋಗ ಇಲ್ಲ. ಎರಡನೇ ಸಾಲು, ರೋಗ ಇಲ್ಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ತನ್ನ ಗಂಟಲಿನಿಂದ ಬರುತ್ತಿರುವ ರಾಗ ಯಾರದೆಂದು ಅವಳಿಗೇ ಕೇಳಿಸಿ, ಮಾತು ನಿಂತಿತು.

ಸಾಲಿನ ಕೊನೆಯಲ್ಲಿ ಹೊಂಬಾಳಮ್ಮ ಕುಡುಗೋಲು ಹಿಡಿದು ನಿಂತಿದ್ದಳು.

"ಯಾರ್ ಜೊತೆ ಮಾತು?"

ಯಾರೂ ಇಲ್ಲಮ್ಮ, ಫೋನಿಗೆ ಹೇಳ್ಕೋತಿದೀನಿ ಎಂದಳು ಸಂಧ್ಯಾ.

ಹೊಂಬಾಳಮ್ಮ ಮುದ್ರಣ ಓಡುತ್ತಿದ್ದ ಫೋನನ್ನು ನೋಡಿದಳು. ಹಿಂದೊಮ್ಮೆ ತನ್ನ ದನಿ ತನಗೇ ಕೇಳಿಸಿದ್ದು ಅದರಿಂದಲೇ. ಇನ್ನೇನೋ ಹೇಳಲು ತೆರೆದ ಬಾಯಿಗೆ ಸೆರಗು ಅಡ್ಡ ಹಿಡಿದು, ಹೆಜ್ಜೆ ಸದ್ದಾಗದಂತೆ ಬದುವಿನವರೆಗೆ ಹಿಂದಕ್ಕೆ ನಡೆದಳು. ಮಜ್ಜಿಗೆಯ ಚೊಂಬು ಅಲ್ಲೇ ಕಲ್ಲಿನ ಮೇಲಿತ್ತು. ಅದನ್ನು ಕೈಯಿಂದ ತೋರಿಸಿದಳು, ಕರೆಯಲಿಲ್ಲ. ಸಂಧ್ಯಾ ಉಳಿದ ಸಾಲುಗಳನ್ನು ಮುಗಿಸಿ, ಫೋನು ನಿಲ್ಲಿಸಿ, ಬ್ಯಾಗಿನೊಳಗಿಟ್ಟು ಬ್ಯಾಗಿನ ಜಿಪ್ಪು ಎಳೆಯುವವರೆಗೂ ಆಕೆ ತುಟಿ ಬಿಚ್ಚಲಿಲ್ಲ.